ಕಲ್ಲಿಗೂ ಆರೈಕೆ ಬೇಕು

ಸಾರ್ವಜನಿಕರ ಉದಾರ ನೆರವಿನಿಂದ ಶಾಲಾ ಕಟ್ಟಡವೊಂದು ಮೇಲೆದ್ದಾಗ ಪ್ರಾರಂಭೋತ್ಸವವು ವಿಜೃಂಭಣೆಯಿಂದ ನೆರವೇರುತ್ತದೆ; ದಾನಿಗಳ ಹೆಸರು ಕಲ್ಲಿನಲ್ಲಿ ಮೂಡುತ್ತದೆ. ಅನಂತರ ಆ ಕಲ್ಲಿನ ಯೋಗಕ್ಷೇಮವನ್ನು ವಿಚಾರಿಸುವವರು ವಿರಳ. ಕಲ್ಲಿಗೇನಾದೀತು ಎಂಬ ಭಾವನೆಯೇ ಇದಕ್ಕೆ ಕಾರಣ. ಈ ಭಾವನೆ ಸಮಂಜಸವಾದುದಲ್ಲ.

ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿಗಳ ಹಳೆಯ ಕಟ್ಟಡಗಳಲ್ಲಿ ಮುಖ್ಯವಾಗಿ ಎರಡು ಜಾತಿಯ ಕಲ್ಲುಗಳನ್ನು ಕಾಣಬಹುದು. ಮೆಟ್ಟಿಲು, ಕಂಬ, ತಳಪಾಯಗಳಿಗೆ ಬೆಂಗಳೂರು ಸುತ್ತಿನ ಬೂದುಬಣ್ಣದ ಗಟ್ಟಿ ಗ್ರಾನೈಟ್. 1956ರಲ್ಲಿ ಪೂರ್ಣಗೊಂಡ ವಿಧಾನಸೌಧವೇ ಇದರ ಬಾಳಿಕೆಗೆ ಸಾಕ್ಷಿ. ನೆಲಕ್ಕೆ ಕಲಬುರಗಿ ಜಿಲ್ಲೆಯ ಶಹಾಬಾದ್ ಕಲ್ಲು ಅಥವಾ ಕಡಪ ಕಲ್ಲು. ಇವೆರಡೂ ಸುಣ್ಣಕಲ್ಲಿನ ಜಾತಿಗೆ ಸೇರಿದವು. ಸುಣ್ಣಕಲ್ಲಿನ ಮೇಲೆ ಆಸಿಡ್ ಬಿದ್ದೊಡನೆ ನೊರೆ ಏಳುತ್ತದೆ. ಕೊಳೆ ಬಿಡುತ್ತಿದೆಯೆಂದು ನೋಡುವವರು ಹಿಗ್ಗುತ್ತಾರೆ; ವಾಸ್ತವವಾಗಿ ಕರಗುತ್ತಿರುವುದು ಕಲ್ಲೇ. ಮೆರುಗು ಕಳೆದುಕೊಂಡು ಒರಟಾದ ನೆಲವು ಮೊದಲಿಗಿಂತ ಬೇಗನೆ ಕೊಳೆ ಹಿಡಿಯುತ್ತದೆ. ಊಟದ ಮನೆಯಲ್ಲಿ ಚೆಲ್ಲಿದ ಹುಣಿಸೆ, ನಿಂಬೆಗಳ ರಸವೂ ಇದೇ ರೀತಿ ಬಿಳಿಚಿದ ಗುರುತನ್ನು ಉಳಿಸುತ್ತದೆ.

ಆಸಿಡ್ ಅಗ್ಗ, ಕೆಲಸ ಶೀಘ್ರ ಎಂಬ ವಾದವುಂಟು. ಹಾಳಾದ ನೆಲಕ್ಕೆ ಯಂತ್ರದಿಂದ ಮತ್ತೆ ಪಾಲಿಶ್ ಮಾಡಿಸುವ ವೆಚ್ಚವನ್ನೂ, ಅದರ ಹೊಗೆಯನ್ನು ಉಸಿರಾಡುವ ಕೆಲಸಗಾರರ ಆರೋಗ್ಯವನ್ನೂ ಲೆಕ್ಕಕ್ಕೆ ಹಿಡಿದರೆ ಆ ಅಗ್ಗ ಉಳಿಯದು. ನಿತ್ಯದ ಕೊಳೆಗೆ ನೀರು, ಸೌಮ್ಯವಾದ ಸಾಬೂನು, ನಾರಿನ ಬ್ರಷ್ಷು ಸಾಕು. ಎಣ್ಣೆಯ ಕಲೆಗೆ ಬಿಳಿ ಜೇಡಿಮಣ್ಣನ್ನು ಸಾಬೂನು ನೀರಿನಲ್ಲಿ ಕಲಸಿ ಕಾಲು ಅಂಗುಲ ದಪ್ಪ ಬಳಿದು, ಪ್ಲಾಸ್ಟಿಕ್ ಹಾಳೆ ಹೊದಿಸಿ, ಒಂದು ದಿನದ ಮೇಲೆ ತೆರೆದು ಒಣಗಲು ಬಿಡಬೇಕು. ಒಣಗುವ ಮಣ್ಣು ಎಣ್ಣೆಯನ್ನು ಮೇಲಕ್ಕೆ ಹೀರಿಕೊಳ್ಳುತ್ತದೆ. ಹಳೆಯ ಕಲೆಗೆ 2-3 ಸಲ ಹೀಗೆ ಮಾಡಬೇಕಾದೀತು. ಮೊದಲು ಮೂಲೆಯೊಂದರಲ್ಲಿ ಪರೀಕ್ಷಿಸುವುದು ಕ್ಷೇಮ.

ಗೋಡೆಯ ಕಲ್ಲಿನ ಮೇಲೆ ಬಿಳಿಯ ಉಪ್ಪು ಕಾಣಿಸಿದರೆ ಅದು ಒಳಗೆ ನೀರು ಸೇರಿರುವ ಸೂಚನೆ. ಉಪ್ಪನ್ನು ಒಣ ಬ್ರಷ್ಷಿನಿಂದ ಉಜ್ಜಿ ತೆಗೆದು, ಸೋರುವ ಕೊಳವೆಯನ್ನೋ ಚಾವಣಿಯನ್ನೋ ಸರಿಪಡಿಸಬೇಕು. ಅದರ ಮೇಲೆ ಬಣ್ಣ ಬಳಿಯುವುದು ಗಾಯವನ್ನು ತೊಳೆಯದೆ ಬಟ್ಟೆ ಸುತ್ತಿದಂತೆ. ಸುಣ್ಣದ ಗಾರೆಯಿಂದ ಕಟ್ಟಿದ ಹಳೆಯ ಗೋಡೆಯ ಸಂದುಗಳಿಗೆ ಸಿಮೆಂಟು ತುಂಬಿದರೆ ತೇವವು ಹೊರಬರಲಾರದೆ ಕಲ್ಲಿನ ಮುಖವೇ ಹಪ್ಪಳದಂತೆ ಕಳಚಿಕೊಳ್ಳುತ್ತದೆ. ಅಲ್ಲಿಗೆ ಗಾರೆಯೇ ಯೋಗ್ಯ.

ಇವು ಕಷ್ಟಸಾಧ್ಯವಾದ ಕೆಲಸಗಳಲ್ಲ. ಕೊರತೆಯಿರುವುದು ದೃಷ್ಟಿಯಲ್ಲಿ. ಹೊಸ ಕೊಠಡಿಗೆ ಕೊಟ್ಟದ್ದು ದಾನ, ಹಳೆಯದರ ದುರಸ್ತಿಗೆ ಕೊಟ್ಟದ್ದು ಬರಿಯ ಖರ್ಚು ಎಂಬ ಎಣಿಕೆ ಅಳಿಯಬೇಕು. ದೇಣಿಗೆಯ ಒಂದು ಪಾಲನ್ನು ಪ್ರತಿವರ್ಷವೂ ದುರಸ್ತಿಗಾಗಿಯೇ ಮೀಸಲಿಡುವುದು ಆಡಳಿತ ವರ್ಗಕ್ಕೆ ಭಾರವಾಗದು. ಶಹಾಬಾದ್ ಕಲ್ಲಿನ ಚೂರೊಂದರ ಮೇಲೆ ನಿಂಬೆರಸ ಹಿಂಡಿ ತೋರಿಸಿದರೆ ವಿಜ್ಞಾನದ ಅಧ್ಯಾಪಕರಿಗೆ ಪಾಠವೂ ಆಯಿತು, ಮಕ್ಕಳಿಗೆ ನೆಲದ ಮೇಲೆ ಅಕ್ಕರೆಯೂ ಮೂಡಿತು. ಹಿಂದಿನವರು ಬೆವರು ಸುರಿಸಿ ಹಾಸಿದ ಕಲ್ಲನ್ನು ಮುಂದಿನವರ ಕಾಲಿಗೆ ಕೆಡದಂತೆ ಒಪ್ಪಿಸುವುದು ಕಟ್ಟಿದಷ್ಟೇ ದೊಡ್ಡ ಸೇವೆಯೆಂಬುದನ್ನು ಹಳೆಯ ವಿದ್ಯಾರ್ಥಿಗಳೂ ದಾನಿಗಳೂ ಮನಗಾಣುವುದು ಅವಶ್ಯ.