ಹೀರೋ ಮುಖವಲ್ಲ, ಮಾಡಿದ ಕೆಲಸವನ್ನು ಬರೆಸೋಣ

ಎಂಟನೇ ತರಗತಿಯಲ್ಲಿ ‘ನಿಮ್ಮ ಹೀರೋ ಚಿತ್ರ ಬರೆಯಿರಿ’ ಎಂದರೆ ಏನು ಬರುತ್ತದೆ ಎಂಬುದು ಬೋಧನಾಭ್ಯಾಸಕ್ಕೆ ಹೋದವರಿಗೆಲ್ಲ ಗೊತ್ತು. ಸಿನಿಮಾ ನಟ, ಕ್ರಿಕೆಟಿಗ, ಬಂದೂಕು ಹಿಡಿದ ಸೈನಿಕ, ಪುಸ್ತಕ ನೋಡಿ ಬರೆದ ಸಂಗೊಳ್ಳಿ ರಾಯಣ್ಣ. ಎಲ್ಲವೂ ಮುಖಗಳೇ. ಮೂಗು ಸರಿ ಬಂತೇ, ಮೀಸೆ ಹೋಲುತ್ತದೆಯೇ ಎನ್ನುವಲ್ಲಿಗೆ ಅವಧಿ ಮುಗಿಯುತ್ತದೆ. ಆತ ಏನು ಮಾಡಿದ ಎಂಬ ಮಾತು ಬರುವುದೇ ಇಲ್ಲ. ಇದರಲ್ಲಿ ಮಕ್ಕಳ ತಪ್ಪಿಲ್ಲ. ನಾವು ಕೇಳುವ ಪ್ರಶ್ನೆಯೇ ಹಾಗಿದೆ.

ನಮ್ಮಲ್ಲೇ ಇದಕ್ಕಿಂತ ಒಳ್ಳೆಯ ಮಾದರಿ ಇದೆ: ವೀರಗಲ್ಲು. ಕರ್ನಾಟಕದ ಎಷ್ಟೋ ಹಳ್ಳಿಗಳಲ್ಲಿ ಕೆರೆ ಏರಿಯ ಮೇಲೋ ಗುಡಿಯ ಮುಂದೋ ಅದು ನಿಂತಿರುತ್ತದೆ. ಸಾಮಾನ್ಯವಾಗಿ ಮೂರು ಪಟ್ಟಿಕೆ. ಕೆಳಗೆ ಹೋರಾಟ, ಹಲವು ಕಡೆ ತುರುಗಳನ್ನು ಬಿಡಿಸುವ ಕಾಳಗ. ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು. ಮೇಲೆ ಶಿವಲಿಂಗ, ಸೂರ್ಯ, ಚಂದ್ರ. ಶಿಲ್ಪಿ ಮುಖಹೋಲಿಕೆಗೆ ತಲೆ ಕೆಡಿಸಿಕೊಂಡಿಲ್ಲ. ಅವನಿಗೆ ಬೇಕಾದದ್ದು ನಡೆದ ಘಟನೆ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಸಿಕ್ಕ 10ನೇ ಶತಮಾನದ ಕಲ್ಲಿನಲ್ಲಂತೂ ವೀರ ಮನುಷ್ಯನೇ ಅಲ್ಲ, ಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ನಾಯಿ. ಈ ಕಥೆ ಹೇಳಿದರೆ ಹಿಂದಿನ ಬೆಂಚೂ ಎದ್ದು ಕೂರುತ್ತದೆ.

ಆದ್ದರಿಂದ ನನ್ನ ಸಲಹೆ ಇಷ್ಟು: ಹಾಳೆಯನ್ನು ಅಡ್ಡಕ್ಕೆ ಮೂರು ಭಾಗ ಮಾಡಿಸಿ. ಕೆಳಗೆ, ನೀವು ಕಣ್ಣಾರೆ ಕಂಡ ಒಬ್ಬರು ಮಾಡಿದ ಕೆಲಸ. ನಡುವೆ, ಅದನ್ನು ಯಾರು ನೆನೆಯುತ್ತಾರೆ. ಮೇಲೆ, ಅದು ಎಲ್ಲಿ ಉಳಿಯಬೇಕು. ಬಣ್ಣ ಬೇಡ, ಪೆನ್ಸಿಲ್ ಅಥವಾ ಇದ್ದಿಲು ಸಾಕು.

ನಾನು ಹೀಗೆ ಬರೆಸಿದಾಗ ಒಬ್ಬ ಹುಡುಗಿ ಮಳೆಯಲ್ಲಿ ಕಂಬ ಹತ್ತಿದ ಲೈನ್‌ಮನ್‌ನನ್ನು ಬರೆದಳು. ನಡುವಿನ ಪಟ್ಟಿಯಲ್ಲಿ ಅಪ್ಸರೆಯರ ಜಾಗದಲ್ಲಿ ಸಾಲಾಗಿ ಮನೆಗಳು, ಪ್ರತಿ ಮನೆಗೂ ಒಂದು ಬಲ್ಬು. ಮೇಲಿನದು ಖಾಲಿ. ಕೇಳಿದ್ದಕ್ಕೆ, “ಅವ್ರು ಇನ್ನೂ ಬದುಕಿದಾರೆ ಮಿಸ್” ಎಂದಳು.

ಇನ್ನೊಬ್ಬ ಹುಡುಗನ ಹಾಳೆಯಲ್ಲಿ ದೊಡ್ಡ ಹೊಡೆದಾಟವಿತ್ತು. ಜಾತ್ರೆಯ ಜಗಳದಲ್ಲಿ ಅವನ ಮಾವ ಪಕ್ಕದ ಊರಿನವರನ್ನು ಕೆಡವಿದ್ದರಂತೆ. ಇಂಥ ಚಿತ್ರವನ್ನು ಏನು ಮಾಡುವುದು? ‘ಇದು ಬೇಡ, ಗಾಂಧೀಜಿ ಬರಿ’ ಎನ್ನುವುದು ಸುಲಭ. ಹಾಗೆಂದರೆ ಮಗು ನಮಗೆ ಬೇಕಾದ ಉತ್ತರವನ್ನು ಬರೆದುಕೊಡುತ್ತದೆ, ಮಾವ ಮಾತ್ರ ಮನಸ್ಸಿನಲ್ಲಿ ಹಾಗೇ ಹೀರೋ ಆಗಿ ಉಳಿಯುತ್ತಾನೆ. ನಾನು ವೀರಗಲ್ಲಿನ ಫೋಟೊ ತೋರಿಸಿ, ಕೆಳಗೆ ಬಿದ್ದಿರುವ ಶತ್ರುವಿಗೂ ಅವನ ಊರಲ್ಲಿ ಒಂದು ಕಲ್ಲು ಇದ್ದಿರಬಹುದಲ್ಲವೇ ಎಂದು ಇಡೀ ತರಗತಿಗೆ ಕೇಳಿದೆ. ಚರ್ಚೆ ಗಂಟೆ ಹೊಡೆದರೂ ನಿಲ್ಲಲಿಲ್ಲ. ಆ ಹುಡುಗ ಚಿತ್ರವನ್ನು ಅಳಿಸಲಿಲ್ಲ. ಬಿದ್ದವನಿಗೆ ಕಣ್ಣು, ಬಾಯಿ ಬರೆದ, ಅಷ್ಟೆ. ಭಾಷಣದಿಂದ ಅಷ್ಟೂ ಆಗುತ್ತಿರಲಿಲ್ಲ ಎಂದು ನನ್ನ ನಂಬಿಕೆ.

ವಿಜ್ಞಾನದ ಪ್ರಶಿಕ್ಷಣಾರ್ಥಿಗೆ ಚಿತ್ರ ಬರೆಸುವ ಕೆಲಸವೇಕೆ ಎಂಬ ಪ್ರಶ್ನೆ ನನಗೂ ಬಂತು. ಹತ್ತನೇ ತರಗತಿಯವರೆಗೆ ಕಲೆ ಕಡ್ಡಾಯ ವಿಷಯವಾಗಬೇಕು ಎಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟೇ ಹೇಳಿದೆ. ನಾನು ಕಂಡ ಶಾಲೆಯಲ್ಲಿ ಮಾತ್ರ ಆ ಅವಧಿ ಗಣಿತದ ಪಾಠ ಮುಗಿಸಲು ಹೋಗುತ್ತಿತ್ತು. ಅಲ್ಲದೆ ಇದರಲ್ಲಿ ವಿಜ್ಞಾನವೂ ಇದೆ. ಸವೆದ ವೀರಗಲ್ಲು ನಡುಮಧ್ಯಾಹ್ನ ಬರೀ ಬಂಡೆಯಂತೆ ಕಾಣುತ್ತದೆ. ಬೆಳಗಿನ ಬಿಸಿಲು ಪಕ್ಕದಿಂದ ಓರೆಯಾಗಿ ಬಿದ್ದಾಗ ಸಣ್ಣ ಉಬ್ಬಿಗೂ ನೆರಳು ಬಂದು ಕುದುರೆ, ಕತ್ತಿ ಎದ್ದು ನಿಲ್ಲುತ್ತವೆ. ಕತ್ತಲ ಕೋಣೆಯಲ್ಲಿ ಟಾರ್ಚು ಹಿಡಿದು ನಾಣ್ಯದ ಮೇಲೂ ಇದನ್ನು ತೋರಿಸಬಹುದು. ದಯವಿಟ್ಟು ಅಕ್ಷರ ಕಾಣಲೆಂದು ಕಲ್ಲಿಗೆ ಸೀಮೆಸುಣ್ಣ, ಎಣ್ಣೆ ಬಳಿಸಬೇಡಿ.

ಮೌಲ್ಯಮಾಪನದ ಬಗ್ಗೆ ನಮ್ಮ ಮಾರ್ಗದರ್ಶಕರಲ್ಲಿ ಒಂದು ಕೋರಿಕೆ. ಅವಲೋಕನ ನಮೂನೆಯಲ್ಲಿ ಚಿತ್ರದ ಅಂದಕ್ಕೆ ಅಂಕ ಬೇಡ, ಬಹುಮಾನವೂ ಬೇಡ. ಬಹುಮಾನ ಎಂದ ಕೂಡಲೇ ಮಕ್ಕಳು ಮತ್ತೆ ಮುಖ ಬರೆಯಲು ಹೊರಡುತ್ತಾರೆ. ಅದರ ಬದಲು, ಕೆಳಗಿನ ಪಟ್ಟಿಯಲ್ಲಿ ಏನು ನಡೆಯುತ್ತಿದೆ ಎಂದು ಪ್ರತಿ ಮಗುವೂ ಎರಡು ನಿಮಿಷ ನಿಂತು ಹೇಳಲಿ. ನಲವತ್ತು ಮಕ್ಕಳ ತರಗತಿಗೆ ಇದಕ್ಕೆ ಎರಡು ಅವಧಿಯಾದರೂ ಬೇಕು. ಪಾಠಯೋಜನೆಯಲ್ಲಿ ಅಷ್ಟು ಜಾಗ ಕೊಡಿ.