ಲೇಖನಿ ಹಿಡಿದ ಯಂತ್ರ

ಭೂಪಟವನ್ನು ಕೈಯಿಂದ ಬರೆದವರಿಗೆ ಒಂದು ಸಂಗತಿ ತಿಳಿದಿರುತ್ತದೆ: ಗೆರೆಯನ್ನು ಎಳೆಯುವುದಕ್ಕಿಂತ ಯಾವ ಗೆರೆಯನ್ನು ಬಿಡಬೇಕೆಂದು ನಿಶ್ಚಯಿಸುವುದೇ ಕಷ್ಟ. ನಾನು ಉಪಾಧ್ಯಾಯನಾಗಿದ್ದಾಗ ಒಬ್ಬ ಹುಡುಗ ತೆಳುಕಾಗದವನ್ನಿಟ್ಟು ಭಾರತದ ಕರಾವಳಿಯ ಒಂದೊಂದು ಕೊಲ್ಲಿಯನ್ನೂ ಬಿಡದೆ ಬರೆಯಹೊರಟಿದ್ದ. ಗಂಟೆ ಹೊಡೆಯುವ ಹೊತ್ತಿಗೆ ಅವನು ಕಚ್ಛದಿಂದ ಮುಂಬಯಿಯವರೆಗೂ ಬಂದಿರಲಿಲ್ಲ. ಹಳೆಯ ಪೆನ್ ಪ್ಲಾಟರುಗಳಿಂದ ರಚಿಸಿದ ಭೂಪಟಗಳನ್ನು ನೋಡಿದಾಗಲೆಲ್ಲ ನನಗೆ ಆ ಹುಡುಗನ ನೆನಪಾಗುತ್ತದೆ.

ಗಣಕಯಂತ್ರದ ಆಜ್ಞೆಯಂತೆ ನಿಜವಾದ ಲೇಖನಿಯಿಂದಲೇ ಕಾಗದದ ಮೇಲೆ ಗೆರೆ ಎಳೆಯುವ ಸಾಧನವೇ ಪೆನ್ ಪ್ಲಾಟರ್. ಅಮೆರಿಕದ ಕ್ಯಾಲ್‌ಕಾಂಪ್ ಸಂಸ್ಥೆಯ 565 ಎಂಬ ಮಾದರಿಯು 1959ರಲ್ಲಿ ಬಂದಿತು. ಅದರ ಒಂದು ಹೆಜ್ಜೆಯೆಂದರೆ ಅಂಗುಲದ ನೂರರಲ್ಲೊಂದು ಭಾಗ. 1980ರ ದಶಕದ ಹ್ಯೂಲೆಟ್-ಪ್ಯಾಕರ್ಡ್ 7475ಎ ಮಾದರಿಯಲ್ಲಿ ಆರು ಲೇಖನಿಗಳಿದ್ದವು. ಲೇಖನಿಯು ಒಂದು ದಿಕ್ಕಿನಲ್ಲಿ ಚಲಿಸಿದರೆ ಕಾಗದವೇ ಇನ್ನೊಂದು ದಿಕ್ಕಿನಲ್ಲಿ ಹಿಂದೆ ಮುಂದೆ ಸರಿಯುತ್ತಿತ್ತು. 1990ರ ದಶಕದಲ್ಲಿ ಶಾಯಿ ಸಿಂಪಡಿಸುವ ಮುದ್ರಣಯಂತ್ರಗಳು ಹರಡಿದ ಮೇಲೆ ಇವು ಮೂಲೆ ಸೇರಿದುವು. ಈಗ ಆಸಕ್ತರು ಅವನ್ನು ಗುಜರಿಯಿಂದ ಎತ್ತಿ ತಂದು, ಒಣಗಿಹೋದ ಲೇಖನಿಗಳ ಜಾಗದಲ್ಲಿ ಸಾಮಾನ್ಯ ಪೆನ್ನುಗಳನ್ನು ಸಿಕ್ಕಿಸಿ ಭೂಪಟಗಳನ್ನು ಬರೆಯಿಸುತ್ತಿದ್ದಾರೆ.

ಯಂತ್ರವು ಬರೆದುದು ಕಲೆಯಾದೀತೆ ಎಂದು ಕೇಳುವವರುಂಟು. ಪ್ರಶ್ನೆಯೇನೋ ಹಳೆಯದು. ಹಂಗೇರಿಯಲ್ಲಿ ಹುಟ್ಟಿ ಪ್ಯಾರಿಸಿನಲ್ಲಿ ನೆಲೆಸಿದ್ದ ವೆರಾ ಮೋಲ್ನಾರ್ 1968ರಲ್ಲಿ ಗಣಕಯಂತ್ರದಿಂದ ಚಿತ್ರ ರಚಿಸಲು ಆರಂಭಿಸಿದಾಗಲೂ ಇಂಥದೇ ಸಂದೇಹವಿತ್ತು. ನಾನೂ ಬಹುಕಾಲ ಸಂದೇಹಪಡುವವರ ಪಕ್ಷದಲ್ಲಿದ್ದೆ. ಈಗ ಇಲ್ಲ. ಏಕೆಂಬುದನ್ನು ಒಂದು ಪರ್ವತದ ಉದಾಹರಣೆಯಿಂದ ಹೇಳುತ್ತೇನೆ.

2000ದ ಫೆಬ್ರವರಿಯಲ್ಲಿ ಎಂಡೆವರ್ ಎಂಬ ಬಾಹ್ಯಾಕಾಶ ನೌಕೆಯು ಹನ್ನೊಂದು ದಿನಗಳ ಯಾನದಲ್ಲಿ ಭೂಮಿಯ ಬಹುಪಾಲು ನೆಲದ ಎತ್ತರವನ್ನು ಅಳೆಯಿತು. ಆ ಅಂಕಿಗಳು ಎಲ್ಲರಿಗೂ ದೊರೆಯುತ್ತವೆ. ಅವುಗಳಿಂದ ಜಪಾನಿನ ಫ್ಯೂಜಿ ಪರ್ವತವನ್ನು ಬರೆಯಿಸಬೇಕೆಂದುಕೊಳ್ಳಿ. ಅದರ ಎತ್ತರ 3,776 ಮೀಟರು. ಒಂದೇ ಎತ್ತರದ ಸ್ಥಳಗಳನ್ನು ಕೂಡಿಸುವ ಸಮೋನ್ನತ ರೇಖೆಗಳನ್ನು ನೀವು ಭೂಗೋಳದಲ್ಲಿ ಓದಿದ್ದೀರಿ. 1,000 ಮೀಟರಿನಿಂದ ಮೇಲಕ್ಕೆ ನೂರು ನೂರು ಮೀಟರಿಗೆ ಒಂದರಂತೆ ಎಳೆದರೆ 28 ಎತ್ತರಗಳಾಗುತ್ತವೆ. ಇಪ್ಪತ್ತು ಮೀಟರಿಗೆ ಒಂದರಂತೆ ಎಳೆದರೆ 139. ಶಿಖರದ ಬಳಿ ಇಳಿಜಾರು ಕಡಿದಾಗಿರುವುದರಿಂದ ಅಲ್ಲಿ ಗೆರೆಗಳು ಒತ್ತೊತ್ತಾಗಿ ಬಂದು, ದಪ್ಪ ಮೊನೆಯಾದರೆ ಶಾಯಿ ಕಲೆತು ಕಾಗದವೇ ಹರಿದೀತು. ಗೆರೆಗಳನ್ನು ತೀರ ವಿರಳ ಮಾಡಿದರೆ ಬೇರೊಂದು ನಷ್ಟ. 1707ರಲ್ಲಿ ಫ್ಯೂಜಿಯು ಸಿಡಿದಾಗ ಅದರ ಆಗ್ನೇಯ ಪಾರ್ಶ್ವದಲ್ಲಿ ಹೋಯೆಯಿ ಎಂಬ ಕುಳಿಯಾಯಿತು. ದುಂಡನೆಯ ಉಂಗುರಗಳು ಆ ಒಂದು ಕಡೆ ಒಳಕ್ಕೆ ಬಾಗುತ್ತವೆ. ಗೆರೆಗಳ ಅಂತರ ಹೆಚ್ಚಿದಂತೆಲ್ಲ ಆ ಗಾಯ ಮಸುಕಾಗುತ್ತ ಹೋಗುತ್ತದೆ. ಅದನ್ನು ಉಳಿಸಬೇಕೆ, ಬಿಡಬೇಕೆ? ಯಂತ್ರಕ್ಕೆ ಇದರ ಪರಿವೆ ಇಲ್ಲ. ನಿರ್ಧರಿಸುವವನು ಮನುಷ್ಯ, ಕಲೆ ಇರುವುದು ಅಲ್ಲಿಯೇ ಎಂದು ನನ್ನ ಅಭಿಪ್ರಾಯ.

ಈ ಯಂತ್ರದ ಬಡತನವೂ ನನಗೆ ಮೆಚ್ಚುಗೆ. ಅದಕ್ಕೆ ಬಣ್ಣ ತುಂಬಲು ಬಾರದು, ಗೆರೆ ಮಾತ್ರ ಬರುತ್ತದೆ. ಕಡಲನ್ನೂ ನೆರಳನ್ನೂ ಗೆರೆಗಳಿಂದಲೇ ತೋರಿಸಬೇಕು. ತಾಮ್ರದ ತಗಡಿನ ಮೇಲೆ ಭೂಪಟ ಕೊರೆಯುತ್ತಿದ್ದವರಿಗೂ ಇದೇ ಕಷ್ಟವಿತ್ತು. 1799ರಲ್ಲಿ ಸ್ಯಾಕ್ಸನಿಯ ಸೇನಾಧಿಕಾರಿ ಲೇಮನ್, ಇಳಿಜಾರು ಕಡಿದಾದಷ್ಟೂ ಗೆರೆ ದಪ್ಪವಾಗಬೇಕೆಂಬ ನಿಯಮವನ್ನು ಮಾಡಿದ. 1845ರಿಂದ 1865ರವರೆಗೆ ಪ್ರಕಟವಾದ ಸ್ವಿಟ್ಸರ್ಲೆಂಡಿನ ಡುಫೂರ್ ಭೂಪಟದಲ್ಲಿ ಆಲ್ಪ್ಸ್ ಪರ್ವತಗಳು ಎದ್ದು ನಿಂತಿರುವುದು ಇಂಥ ಗೆರೆಗಳಿಂದಲೇ.

ಒಂದು ಆಕ್ಷೇಪಣೆಯನ್ನು ಮಾತ್ರ ನಾನು ಒಪ್ಪುತ್ತೇನೆ. 2004ರಲ್ಲಿ ಬ್ರಿಟನ್ನಿನಲ್ಲಿ ಆರಂಭವಾದ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಭೂಪಟವನ್ನು ಸ್ವಯಂಸೇವಕರು ಬೀದಿ ಬೀದಿಯಾಗಿ ಕಟ್ಟುತ್ತ ಬಂದಿದ್ದಾರೆ. ಅದರಿಂದ ಒಂದು ನಗರವನ್ನು ಎತ್ತಿಕೊಂಡು, ಯಾವ ಆಯ್ಕೆಯನ್ನೂ ಮಾಡದೆ ಬರೆಯಿಸಿ, ಆ ಸಾವಿರಾರು ಕೈಗಳ ಹೆಸರನ್ನು ಒಂದು ಸಾಲಿನಲ್ಲಿಯೂ ಹೇಳದೆ ಮಾರುವುದು ಕಲೆಯಲ್ಲ. ಆಕರವನ್ನು ಹೇಳಬೇಕೆಂಬುದು ಅದರ ಪರವಾನಗಿಯ ನಿಯಮವೂ ಹೌದು.

ಚೆನ್ನಾಗಿ ಮಾಡುವವರು ಯಂತ್ರದ ಬಳಿಯಿಂದ ಏಳುವುದಿಲ್ಲ. ದೊಡ್ಡ ಚಿತ್ರಕ್ಕೆ ಗಂಟೆಗಟ್ಟಲೆ ಹಿಡಿಯುತ್ತದೆ. ಫ್ಯೂಜಿಯ ಶಿಖರ ಸಮೀಪಿಸುವಾಗ ಶಾಯಿ ಮುಗಿದುಹೋದರೂ ಯಂತ್ರ ನಿಲ್ಲದು. ಒಣಮೊನೆಯಿಂದಲೇ ಕೊನೆಯ ಉಂಗುರಗಳನ್ನು ಎಳೆದು, ಲೇಖನಿಯನ್ನು ಅದರ ಜಾಗದಲ್ಲಿರಿಸಿ ಸುಮ್ಮನಾಗುತ್ತದೆ.