ಹೆಗಲ ಮೇಲಿನ ಚೀಲಕ್ಕೊಂದು ವಿಳಾಸ ಬೇಕು

ಜಗಳೂರು, ಚನ್ನಗಿರಿ, ಹೊನ್ನಾಳಿಗಳಲ್ಲಿ ದೈಹಿಕ ಶಿಕ್ಷಕಿಯಾಗಿದ್ದು, ವರ್ಗಾವಣೆಯ ಮೇಲೆ ಈಗ ನ್ಯಾಮತಿಗೆ ಬಂದಿದ್ದೇನೆ. ನಾಲ್ಕೂ ಕಡೆ ಮಕ್ಕಳನ್ನು ಬೆಟ್ಟಕ್ಕೆ, ಕಾಡಿಗೆ ಕರೆದುಕೊಂಡು ಹೋಗಿದ್ದೇನೆ. ನಾಲ್ಕೂ ಕಡೆ ಪೇಟೆಬೀದಿಯಲ್ಲಿ ಕೇಳಿದ್ದು ಒಂದೇ ಪ್ರಶ್ನೆ: ನಮ್ಮ ದೇಶದಲ್ಲೇ ತಯಾರಾದ, ಬೆಟ್ಟ ಹತ್ತುವಾಗ ತಾಳುವಂಥ ಬೆನ್ನುಚೀಲ ಇದೆಯಾ? ಉತ್ತರವೂ ಹೆಚ್ಚುಕಡಿಮೆ ಒಂದೇ. "ಇಂಡಿಯಾದ್ದೇ ಮೇಡಂ, ಡೆಲ್ಲಿ ಮಾಲು, ಕಣ್ಮುಚ್ಚಿ ತಗಳ್ರಿ." ಚೀಲವನ್ನು ತಿರುಗಿಸಿ, ಜಿಪ್ ಎಳೆದು, ಒಳಜೇಬಿನವರೆಗೆ ಹುಡುಕಿದರೂ ಮಾಡಿದವರ ಹೆಸರು ಸಿಗುವುದಿಲ್ಲ. ಮುಂದುಗಡೆ ಯಾವುದೋ ಹೊರದೇಶದ ಕಂಪನಿಯ ಗುರುತು ದಪ್ಪ ದಾರದಲ್ಲಿ ಹೊಲಿದಿರುತ್ತದೆ, ಅಷ್ಟೆ.

ಇದನ್ನು ಸಣ್ಣ ಮಾತೆಂದು ಬಿಡುವುದಕ್ಕೆ ನನಗಾಗುವುದಿಲ್ಲ. ಪೊಟ್ಟಣದಲ್ಲಿ ಮಾರುವ ಸರಕಿನ ಮೇಲೆ ತಯಾರಕರ ಅಥವಾ ಆಮದು ಮಾಡಿದವರ ಹೆಸರು, ವಿಳಾಸ, ತಿಂಗಳು, ವರ್ಷ, ಗರಿಷ್ಠ ಬೆಲೆ ಇರಬೇಕು. ಆಮದು ಮಾಲಾದರೆ ಯಾವ ದೇಶದ್ದು ಎಂಬುದೂ ಇರಬೇಕು. ಕಾನೂನು ಮಾಪನಶಾಸ್ತ್ರದ 2011ರ ನಿಯಮಗಳು ಹೇಳುವುದು ಇದನ್ನೇ. ಆನ್‌ಲೈನ್ ಮಾರಾಟದಲ್ಲೂ ಮೂಲ ದೇಶ ತೋರಿಸಬೇಕೆಂದು ಆಮೇಲೆ ಸೇರಿಸಿದರು. ಬಿಸ್ಕತ್ತಿನ ಪೊಟ್ಟಣದಲ್ಲಿ ದಿನಾಂಕ ಓದುವ ಅಭ್ಯಾಸ ನಮ್ಮ ಮಕ್ಕಳಿಗೂ ಬಂದಿದೆ. ಐದಾರು ಕಿಲೋ ಭಾರ ಹೊರಿಸಿ ಗುಡ್ಡ ಹತ್ತಿಸುವ ಚೀಲದ ಚೀಟಿಯನ್ನು ಮಾತ್ರ ದೊಡ್ಡವರೂ ಓದುವುದಿಲ್ಲ.

ಓದುವುದಕ್ಕೆ ಶುರು ಮಾಡಿದ ಮೇಲೆ ಇನ್ನೊಂದು ವಿಷಯ ತಿಳಿಯುತ್ತದೆ. ಕಂಪನಿಯ ಹೆಸರೇ ಬೇರೆ, ಚೀಲ ಹೊಲಿದ ಊರೇ ಬೇರೆ. ವಿಐಪಿ ಮುಂಬೈನ ಹಳೆಯ ಕಂಪನಿ; ಅದರ ಕಾರ್ಖಾನೆಗಳು ಬಾಂಗ್ಲಾದೇಶದ ಮೊಂಗ್ಲಾದಲ್ಲೂ ಇವೆ. ಡೆಕಾಥ್ಲಾನ್ ಫ್ರಾನ್ಸಿನದು, ಆದರೆ ಭಾರತದ ಕಾರ್ಖಾನೆಗಳಲ್ಲಿ ತಯಾರಾಗುವ ಅದರ ಸರಕು ಬೇಕಾದಷ್ಟಿದೆ. ಬೆಂಗಳೂರಿನ ವೈಲ್ಡ್‌ಕ್ರಾಫ್ಟ್ 1990ರ ದಶಕದಲ್ಲಿ ಬೆಟ್ಟ ಹತ್ತುವವರೇ ಡೇರೆ ಮಾಡುವುದರಿಂದ ಶುರು ಮಾಡಿದ ಉದ್ಯಮ, ಇವತ್ತು ದೇಶಕ್ಕೆಲ್ಲ ಗೊತ್ತಿರುವ ಹೆಸರು. ಯಾವುದೇ ಕಂಪನಿಯ ಚೀಲವಾಗಲಿ, ನಾನು ನೋಡುವುದು ಅದರ ಒಳಗಿನ ಚೀಟಿ. ಸ್ವದೇಶಿ ಚೀಲ ಎಂಬುದು ಎಲ್ಲೂ ಸಿಗದ ವಸ್ತುವೇನಲ್ಲ. ನಮ್ಮ ತಾಲ್ಲೂಕಿನ ಅಂಗಡಿಗೆ ಬರುವುದು ಕಡಿಮೆ, ಬಂದದ್ದನ್ನು ಗುರುತು ಹಿಡಿಯುವುದಂತೂ ಇನ್ನೂ ಕಷ್ಟ.

ನಮ್ಮ ಜಿಲ್ಲೆಗೇ ತಕ್ಕಂಥ ಚೀಲ ಬೇಕೆಂದು ನಾನು ಹೇಳುವುದಕ್ಕೆ ಕಾರಣವಿದೆ. ದಾವಣಗೆರೆ ಜಿಲ್ಲೆಯಾದದ್ದು 1997ರಲ್ಲಿ. ಚನ್ನಗಿರಿ, ಹೊನ್ನಾಳಿ ಶಿವಮೊಗ್ಗದಿಂದ ಬಂದವು, ಜಗಳೂರು ಚಿತ್ರದುರ್ಗದಿಂದ ಬಂತು, ಹೊನ್ನಾಳಿಯೊಳಗಿದ್ದ ನ್ಯಾಮತಿ ಆಮೇಲೆ ತಾಲ್ಲೂಕಾಯಿತು. ಹೀಗಾಗಿ ಒಂದೇ ಜಿಲ್ಲೆಯಲ್ಲಿ ಎರಡು ಥರದ ನೆಲ. ಜಗಳೂರಿನ ರಂಗಯ್ಯನದುರ್ಗದ ಕೊಂಡುಕುರಿ ವನ್ಯಧಾಮಕ್ಕೆ ಅರಣ್ಯ ಇಲಾಖೆಯ ಅನುಮತಿ ಪಡೆದು ಮಕ್ಕಳನ್ನು ಕರೆದೊಯ್ದರೆ ಸುಡುವ ಬಂಡೆ, ಕುರುಚಲು, ಜಾಲಿಮುಳ್ಳು. ಅಲ್ಲಿ ತೆಳುಬಟ್ಟೆಯ ಚೀಲ ಒಂದೇ ದಿನದಲ್ಲಿ ಗೀರುಬಿದ್ದು ಎಳೆ ಎದ್ದುಬಿಡುತ್ತದೆ. ಚೀಲದ ಅರ್ಧ ಭಾರವೆಲ್ಲ ನೀರಿನ ಬಾಟಲಿಗಳದ್ದೇ. ನ್ಯಾಮತಿ ಕಡೆ ತೀರ್ಥರಾಮೇಶ್ವರಕ್ಕೋ ಚನ್ನಗಿರಿಯ ಉಬ್ರಾಣಿ ಕಡೆಗೋ ಮಳೆ ಹಿಡಿದ ದಿನ ಹೊರಟರೆ ಚೀಲದೊಳಗಿನ ಬುತ್ತಿ, ಬಟ್ಟೆ ನೆನೆಯದಂತೆ ಉಳಿಸುವುದೇ ದೊಡ್ಡ ಕೆಲಸ. ಒಳಗಡೆ ಬಳಿದ ಪ್ಲಾಸ್ಟಿಕ್ ಲೇಪ ಅಗ್ಗದ ಚೀಲಗಳಲ್ಲಿ ಬೇಗ ಅಂಟಂಟಾಗಿ, ಬಿಳಿ ಹೊಟ್ಟಿನ ಹಾಗೆ ಉದುರತೊಡಗುತ್ತದೆ. ಆಮೇಲೆ ಆ ಚೀಲ ನೀರು ತಡೆಯುವುದಿಲ್ಲ.

ಚೀಲ ಎಲ್ಲಿ ಸೋಲುತ್ತದೆ ಎಂಬುದನ್ನು ನನಗೆ ಕಲಿಸಿದವರು ಚನ್ನಗಿರಿಯಲ್ಲಿ ಬ್ಯಾಗು, ಕೊಡೆ ರಿಪೇರಿ ಮಾಡುವ ಒಬ್ಬ ಹಿರಿಯರು. ಹೆಗಲಪಟ್ಟಿ ಕಿತ್ತ ಚೀಲಗಳ ರಾಶಿಯನ್ನೇ ಅವರ ಮುಂದೆ ಇಟ್ಟಿದ್ದೆ. ಒಂದನ್ನೆತ್ತಿ ಒಳಗನ್ನು ಹೊರಗೆ ಮಾಡಿ ತೋರಿಸಿದರು. "ನೋಡ್ರಿ ಮೇಡಂ, ಬಟ್ಟೆ ಗಟ್ಟಿ ಐತಿ. ಪಟ್ಟಿ ಬುಡದಾಗ ಒಂದೇ ಹೊಲಿಗಿ ಹಾಕ್ಯಾರ. ಭಾರ ಎಲ್ಲಾ ಅದೊಂದು ದಾರದ ಮ್ಯಾಲೆ." ಹೆಗಲಪಟ್ಟಿ ಚೀಲದ ಮೇಲ್ತುದಿಗೆ ಸೇರುವ ಜಾಗ ಅದು. ಅಲ್ಲಿ ಪಟ್ಟಿಯ ತುದಿಯನ್ನು ಎರಡು ಬಟ್ಟೆಯ ನಡುವೆ ತೂರಿಸಿ ಮೇಲೆ ಒಂದು ಗೆರೆ ಹೊಲಿಗೆ ಓಡಿಸಿದ್ದರು. ಹಿರಿಯರು ಹಳೆಯ ನವಾರಿನ ತುಂಡೊಂದನ್ನು ಒಳಗಿನಿಂದ ಅಡ್ಡವಾಗಿ ಇಟ್ಟು, ನೈಲಾನ್ ದಾರದಲ್ಲಿ ಚೌಕಾಕಾರಕ್ಕೆ ಹೊಲಿದು, ಚೌಕದೊಳಗೆ ಮೂಲೆಯಿಂದ ಮೂಲೆಗೆ ಎರಡು ಗೆರೆ ಎಳೆದರು. ಭಾರವೀಗ ಒಂದು ಗೆರೆಯ ಮೇಲೆ ನಿಲ್ಲದೆ ಇಡೀ ತುಂಡಿನ ಮೇಲೆ ಹರಡುತ್ತದೆ. ಒಳ್ಳೆಯ ಕಾರ್ಖಾನೆಗಳು ಇದೇ ಜಾಗದಲ್ಲಿ ಒತ್ತೊತ್ತಾಗಿ ಹೊಲಿಯುವ ಬೇರೆ ಯಂತ್ರವನ್ನೇ ಇಟ್ಟಿರುತ್ತವೆ.

ಜಿಪ್ಪಿನದೂ ಹಾಗೆಯೇ. ಜಿಪ್ ಹೋಯಿತೆಂದು ಚೀಲ ಎಸೆಯುತ್ತೇವೆ. ಹಲ್ಲು ಸರಿಯಾಗಿಯೇ ಇರುತ್ತವೆ, ಸಡಿಲವಾಗುವುದು ಅವುಗಳ ಮೇಲೆ ಓಡುವ ರನ್ನರ್. ಅದನ್ನೊಂದು ಬದಲಿಸಿದರೆ ಸಾಕು. ಆದರೆ ಅಳತೆಗೆ ತಕ್ಕ ರನ್ನರ್ ಸಿಗಬೇಕಾದರೆ ಜಿಪ್ಪಿನ ಮೇಲೆ ನಂಬರ್ ಇರಬೇಕು. ಎಲ್ಲೋ ತಯಾರಾಗಿ, ಹೆಸರಿಲ್ಲದೆ ಬಂದ ಮಾಲಿನಲ್ಲಿ ಅದೂ ಇರುವುದಿಲ್ಲ. ಬಕಲ್ ಮುರಿದರೆ ಅದಕ್ಕೆ ಜೋಡಿ ಹುಡುಕುವುದು ಇನ್ನೂ ಕಷ್ಟ. ಹತ್ತಿರದಲ್ಲಿ ಮಾಡಿದ ಚೀಲದ ಮೇಲೆ ನನಗೆ ಇಷ್ಟು ಆಸೆ ಇರುವುದು ಬಹಳಮಟ್ಟಿಗೆ ಇದಕ್ಕೇ: ಕಿತ್ತುಹೋದರೆ ಯಾರನ್ನು ಕೇಳಬೇಕೆಂದು ಗೊತ್ತಿರುತ್ತದೆ, ಬಿಡಿಭಾಗ ಎಲ್ಲಿ ಸಿಗುತ್ತದೆಂದೂ ಗೊತ್ತಿರುತ್ತದೆ.

ಇಲ್ಲೇ ಚೀಲ ಮಾಡಲು ಸಾಮಾನು ಸಿಗುವುದಿಲ್ಲ ಎನ್ನುವವರಿಗೆ ಹೇಳುತ್ತೇನೆ. ಸಿಂಥೆಟಿಕ್ ಬಟ್ಟೆ ಸೂರತ್‌ನಲ್ಲಿ ರಾಶಿರಾಶಿ ನೇಯುತ್ತಾರೆ. ಜಗತ್ತಿಗೆಲ್ಲ ಜಿಪ್ ಕೊಡುವ ಜಪಾನಿನ ವೈಕೆಕೆ ಹರಿಯಾಣದ ಬಾವಲ್‌ನಲ್ಲಿ ಕಾರ್ಖಾನೆ ಇಟ್ಟಿದೆ. ಸೈನಿಕರ ಬಟ್ಟೆಬರೆ, ಡೇರೆ, ಸರಂಜಾಮುಗಳನ್ನು ಕಾನ್ಪುರ, ಆವಡಿಯಂಥ ಊರುಗಳ ಸರ್ಕಾರಿ ಕಾರ್ಖಾನೆಗಳು ದಶಕಗಳಿಂದ ಹೊಲಿಯುತ್ತ ಬಂದಿವೆ. 2021ರಲ್ಲಿ ಅವನ್ನು ಟ್ರೂಪ್ ಕಂಫರ್ಟ್ಸ್ ಎಂಬ ಕಂಪನಿಯಡಿ ತಂದರು. ಇನ್ನು ಹೊಲಿಯುವ ಕೈಗಳ ಮಾತು. ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡಿದ್ದ ದಾವಣಗೆರೆಯ ಹತ್ತಿ ಗಿರಣಿಗಳು ಮುಚ್ಚಿದವು, ಹೊಲಿಗೆ ಮಾತ್ರ ಉಳಿಯಿತು. ನನ್ನ ಶಾಲೆಯ ಎಷ್ಟೋ ಮಕ್ಕಳ ತಾಯಂದಿರಿಗೆ ಗಾರ್ಮೆಂಟ್ಸ್ ಮಿಷನ್ನಿನ ಕೆಲಸ ಗೊತ್ತು. ಕಾಲರು, ಜೇಬು, ಜಿಪ್ ಕೂರಿಸುವುದು ಅವರಿಗೆ ಕಲಿತ ವಿದ್ಯೆ. ದಪ್ಪಬಟ್ಟೆಗೆ ಬೇರೆ ಮಿಷನ್ ಬೇಕು, ಸ್ವಲ್ಪ ತರಬೇತಿ ಬೇಕು. ಎಲ್ಲಕ್ಕಿಂತ ಮೊದಲು ಆರ್ಡರ್ ಬೇಕು.

ಆರ್ಡರ್ ಇದ್ದರೆ ಏನಾಗುತ್ತದೆ, ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಹುಬ್ಬಳ್ಳಿಯ ಬೆಂಗೇರಿಗೆ ಹೋಗಿ ನೋಡಬೇಕು. 1957ರಲ್ಲಿ ಹುಟ್ಟಿದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದ ರಾಷ್ಟ್ರಧ್ವಜ ಘಟಕ ಅಲ್ಲಿದೆ. ಬಾಗಲಕೋಟೆಯ ತುಳಸಿಗೇರಿಯಲ್ಲಿ ಬಟ್ಟೆ ನೇಯ್ದು, ಬೆಂಗೇರಿಯಲ್ಲಿ ಹೊಲಿದು, ಭಾರತೀಯ ಮಾನಕ ಸಂಸ್ಥೆಯ ಅಳತೆಗೆ ಸರಿಯಾಗಿ ಧ್ವಜ ಮಾಡುತ್ತಾರೆ. ದಾರದ ದಪ್ಪ, ಎಳೆಗಳ ಲೆಕ್ಕ, ಬಣ್ಣ, ಹೊಲಿಗೆ ಎಲ್ಲಕ್ಕೂ ಅಲ್ಲಿ ಪರೀಕ್ಷೆ. ಕೆಲಸ ಮಾಡುವವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು. ದೇಶದ ದೊಡ್ಡ ಕಟ್ಟಡಗಳ ಮೇಲೆ ಹಾರುವ ಬಾವುಟ ಉತ್ತರ ಕರ್ನಾಟಕದ ಹಳ್ಳಿಯ ಕೈಗಳಿಂದ ಹೋಗುತ್ತಿದ್ದುದು, ಕೊಳ್ಳುವವರು ಇಂಥದ್ದೇ ಬೇಕೆಂದು ಅಳತೆ ಬರೆದಿಟ್ಟಿದ್ದರಿಂದ. 2021ರ ಡಿಸೆಂಬರಿನಲ್ಲಿ ಧ್ವಜಸಂಹಿತೆ ತಿದ್ದಿ ಪಾಲಿಯೆಸ್ಟರ್ ಬಟ್ಟೆಗೂ, ಯಂತ್ರದಲ್ಲಿ ಮಾಡಿದ್ದಕ್ಕೂ ಒಪ್ಪಿಗೆ ಕೊಟ್ಟರು. ಬೆಂಗೇರಿಯ ಬೇಡಿಕೆಗೆ ಪೆಟ್ಟು ಬಿತ್ತು, ಅಲ್ಲಿನವರು ಬೀದಿಗಿಳಿದು ಪ್ರತಿಭಟಿಸಿದರು. ಕೈಯ ಕೆಲಸದಲ್ಲಿ ಯಾವ ಕುಂದೂ ಇರಲಿಲ್ಲ, ಕಡಿಮೆಯಾದದ್ದು ಆರ್ಡರ್.

ಹಾಗಾಗಿ ಸ್ವದೇಶಿ ಚೀಲದ ಮಾತನ್ನು ಕೊಳ್ಳುವ ಒಬ್ಬೊಬ್ಬರ ದೇಶಪ್ರೇಮದ ಮೇಲೆ ಹೊರಿಸುವುದು ನನಗೆ ಸರಿಕಾಣುವುದಿಲ್ಲ. ಪೇಟೆಯಲ್ಲಿ 400–500 ರೂಪಾಯಿಗೆ ಚೀಲ ಸಿಗುವಾಗ, ಕೂಲಿ ಮಾಡುವ ತಂದೆಗೆ ಸಾವಿರಗಟ್ಟಲೆ ಕೊಟ್ಟು ಒಳ್ಳೆಯದನ್ನು ತನ್ನಿ ಎನ್ನಲು ನನಗೆ ಬಾಯಿ ಬರುವುದಿಲ್ಲ. ಪ್ರತಿ ಮಗುವಿಗೂ ಬೆಟ್ಟದ ಚೀಲ ಬೇಕಾಗಿಯೂ ಇಲ್ಲ. ವರ್ಷದಲ್ಲಿ ಬಳಸುವುದು ಕೆಲವೇ ದಿನ. ವಾಲಿಬಾಲು, ನೆಟ್ಟು, ಜಾವೆಲಿನ್‌ಗಳನ್ನು ಶಾಲೆಯೇ ಇಟ್ಟುಕೊಂಡು ರಿಜಿಸ್ಟರಿನಲ್ಲಿ ಬರೆದು ಕೊಡುತ್ತದೆ, ವಾಪಸು ತೆಗೆದುಕೊಳ್ಳುತ್ತದೆ. ಬೆನ್ನುಚೀಲವೂ ಹಾಗೇ ಶಾಲೆಯ ಆಸ್ತಿಯಾಗಲಿ. ಸ್ಕೌಟ್ಸ್, ಎನ್‌ಸಿಸಿ, ಎನ್‌ಎಸ್‌ಎಸ್ ಶಿಬಿರಗಳಿಗೂ, ಚಿಣ್ಣರ ವನದರ್ಶನಕ್ಕೂ ಅದೇ ಚೀಲಗಳು ಓಡಾಡಲಿ. ನಾಲ್ಕು ತಾಲ್ಲೂಕಿನ ಶಾಲೆ, ಕಾಲೇಜುಗಳು ಬಿಡಿಬಿಡಿಯಾಗಿ ಪೇಟೆಗೆ ಹೋಗುವ ಬದಲು ಒಟ್ಟಾಗಿ ಕೊಂಡರೆ ಅದು ಒಂದು ಸಣ್ಣ ಘಟಕಕ್ಕೆ ಕೆಲಸ ಕೊಡುವಷ್ಟಾಗುತ್ತದೆ. ಸಂಜೀವಿನಿಯ ಸ್ವಸಹಾಯ ಸಂಘಗಳು ಇಲ್ಲೇ ಇವೆ, ಹೊಲಿಗೆ ಬಲ್ಲವರೂ ಅವುಗಳಲ್ಲಿ ಇದ್ದಾರೆ.

ದಾರಿಯನ್ನು ಹೊಸದಾಗಿ ಕಡಿಯಬೇಕಾಗಿಲ್ಲ. ಕೇಂದ್ರ ಸರ್ಕಾರದ ಖರೀದಿಯಲ್ಲಿ ದೇಶೀ ತಯಾರಿಕೆಗೆ ಆದ್ಯತೆ ಕೊಡುವ ಆದೇಶ 2017ರಿಂದ ಜಾರಿಯಲ್ಲಿದೆ. ಈಗ ಅದರ ಪ್ರಕಾರ ಮೌಲ್ಯದಲ್ಲಿ ಅರ್ಧ ಅಥವಾ ಅದಕ್ಕಿಂತ ಹೆಚ್ಚು ಇಲ್ಲಿಯದೇ ಆದ ಸರಕಿನವರು ಮೊದಲ ದರ್ಜೆಯ ಸ್ಥಳೀಯ ಪೂರೈಕೆದಾರರು. ಸರ್ಕಾರಿ ಆನ್‌ಲೈನ್ ಮಾರುಕಟ್ಟೆಯಾದ ಜೆಮ್‌ನಲ್ಲಿ ಮಾರುವವರು 2020ರಿಂದ ಮೂಲ ದೇಶ ನಮೂದಿಸಬೇಕು. ದೆಹಲಿಯ ಕಚೇರಿ ತನ್ನ ಕುರ್ಚಿ, ಮೇಜಿಗೆ ಕೇಳುವ ಈ ಪ್ರಶ್ನೆಯನ್ನು ನಮ್ಮ ಶಾಲೆ ಮಕ್ಕಳ ಚೀಲಕ್ಕೆ ಕೇಳುವುದರಲ್ಲಿ ತಪ್ಪೇನಿದೆ?

ಬೇಡಿಕೆಪತ್ರದಲ್ಲಿ "ಬ್ಯಾಗು, ಒಳ್ಳೆಯ ಗುಣಮಟ್ಟ" ಎಂದು ಬರೆದರೆ ಮತ್ತೆ ಅದೇ ಹೆಸರಿಲ್ಲದ ಮಾಲು ಬರುತ್ತದೆ. ಬಟ್ಟೆ ಎಷ್ಟು ಡೆನಿಯರ್ ಎಂದು ಬರೆಯಬೇಕು. 9,000 ಮೀಟರ್ ದಾರ ಎಷ್ಟು ಗ್ರಾಂ ತೂಗುತ್ತದೆ ಎಂಬುದೇ ಡೆನಿಯರ್. ಅಂಕಿ ಹೆಚ್ಚಾದಷ್ಟೂ ದಾರ ದಪ್ಪ, ಮುಳ್ಳಿಗೆ ಅಷ್ಟು ಬೇಗ ಜಗ್ಗುವುದಿಲ್ಲ. ಹೆಗಲಪಟ್ಟಿಯ ಬುಡದಲ್ಲಿ ಚೌಕದ ಹೊಲಿಗೆ ಇರಬೇಕು. ಭಾರ ಹೆಗಲಿಂದ ಸೊಂಟಕ್ಕೆ ಇಳಿಯುವಂತೆ ಸೊಂಟಪಟ್ಟಿ ಇರಬೇಕು. ಮಳೆಗೆ ಹೊದಿಸುವ ಹೊದಿಕೆ ಬೇರೆಯಾಗಿ ಬರಲಿ, ಹರಿದರೆ ಅದೊಂದನ್ನೇ ಬದಲಿಸಬಹುದು. ಜಿಪ್ಪಿನ ನಂಬರ್, ಬಕಲ್ಲಿನ ಅಳತೆ ಬರೆದಿರಬೇಕು. ಚೀಲಗಳ ಪ್ರತಿ ಕಟ್ಟಿನ ಜೊತೆ ಒಂದಿಷ್ಟು ರನ್ನರ್, ಬಕಲ್ ಬಿಡಿಯಾಗಿ ಕೊಡಬೇಕು. ಒಳಗಿನ ಚೀಟಿಯಲ್ಲಿ ಹೊಲಿದ ಘಟಕದ ಹೆಸರು, ಊರು, ಫೋನ್ ನಂಬರ್ ಕನ್ನಡದಲ್ಲಿ ಇರಬೇಕು. ಮುಂದಿನ ಶೈಕ್ಷಣಿಕ ವರ್ಷದ ಕ್ರೀಡಾ ಸಾಮಗ್ರಿಯ ಪಟ್ಟಿ ಸಿದ್ಧವಾಗುವ ಮೊದಲೇ ನಾಲ್ಕೂ ತಾಲ್ಲೂಕಿನ ದೈಹಿಕ ಶಿಕ್ಷಣ ಪರಿವೀಕ್ಷಕರು ಒಂದು ದಿನ ಹೊನ್ನಾಳಿಯಲ್ಲಿ ಕೂತು ಈ ಅಳತೆಗಳನ್ನು ಗೊತ್ತುಮಾಡಲಿ. ಚನ್ನಗಿರಿಯ ಆ ರಿಪೇರಿ ಹಿರಿಯರನ್ನೂ, ಗಾರ್ಮೆಂಟ್ಸ್‌ನಲ್ಲಿ ದುಡಿದ ಒಂದಿಬ್ಬರು ಹೆಣ್ಣುಮಕ್ಕಳನ್ನೂ ಅದೇ ಮೇಜಿಗೆ ಕರೆಯಲಿ.